ಅಮೃತಬಳ್ಳಿಯ ಡಬ್ಬಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನ್ನ ರೂಮ್‌ಮೇಟ್‌ಗೆ ಅಮೃತಬಳ್ಳಿ ಕಷಾಯ ಕುಡಿಸಿದವನು ನಾನೇ. ಬರೀ ಕುಡಿಸಿದ್ದಲ್ಲ, ವಿಡಿಯೋಗಳಲ್ಲಿ ಬರುವ ವೈದ್ಯರ ದನಿ ತೆಗೆದು, ಇಲ್ಲದ ಗಡ್ಡ ನೀವಿಕೊಳ್ಳುತ್ತಾ, "ಕುಡಿ ಮಗು, ರಕ್ತ ಶುದ್ಧಿಯಾಗುತ್ತದೆ" ಎಂದು ಕುಡಿಸಿದ್ದು. ಅವನು ನಗುತ್ತಾ ಕುಡಿದ. ದಿನಕ್ಕೆರಡು ಲೋಟ, ಹೆಚ್ಚುಕಮ್ಮಿ ಎರಡು ತಿಂಗಳು.

ವಿದೇಶದಲ್ಲಿ ನಾವಿರುವ ಊರು ಕಾರ್ಕ್. ಅಲ್ಲಿನ ಚಳಿಗೆ ಅವನಿಗೆ ಬಿಡದ ಶೀತ. ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಅಂಕಲ್ ಎನ್ನುವ ಹಿರಿಯರೊಬ್ಬರು ಈ ಬಳ್ಳಿಯ ಮಹಿಮೆಯನ್ನು ದಿನಾ ಹಾಕುತ್ತಿದ್ದರು. ಬೆಂಗಳೂರಿಗೆ ಹೋದಾಗ ಪುಡಿಯ ಡಬ್ಬಿ ತಂದೆ. ಅದರ ಮೇಲೆ 'ಅಡ್ಡಪರಿಣಾಮ ಇಲ್ಲ' ಎಂಬುದು ಎಷ್ಟು ದೊಡ್ಡ ಅಕ್ಷರದಲ್ಲಿತ್ತೆಂದರೆ, ಎಷ್ಟು ದಿನ ಕುಡಿಯಬೇಕೆಂದು ಬರೆಯಲು ಜಾಗವೇ ಉಳಿದಿರಲಿಲ್ಲ.

ಒಂದು ಭಾನುವಾರ ಅವನ ಕಣ್ಣು ಹಳದಿಯಾಗಿತ್ತು. ಆಸ್ಪತ್ರೆಯಲ್ಲಿ ನರ್ಸ್, ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಇಬ್ಬರೂ ಒಟ್ಟಿಗೆ ಇಲ್ಲ ಎಂದೆವು. ಸುಳ್ಳು ಹೇಳಲಿಲ್ಲ. ನಮ್ಮ ಪಾಲಿಗೆ ಔಷಧಿಯೆಂದರೆ ಮಾತ್ರೆ, ಇಂಜೆಕ್ಷನ್ನು. ಕಷಾಯ ಅಡುಗೆಮನೆಯದು, ಸಾರಿನ ಪಕ್ಕದ್ದು.

ಮರುದಿನ ಬಂದ ಡಾಕ್ಟರು ದಾವಣಗೆರೆಯಲ್ಲಿ ಓದಿದವರು. ಅವರು ಪ್ರಶ್ನೆಯನ್ನೇ ಬದಲಿಸಿದರು: "ಮನೆಮದ್ದು ಏನ್ ಕುಡೀತಿದ್ದೆ, ಹೇಳಪ್ಪ?" ಆಗ ಬಾಯಿಬಿಟ್ಟೆವು. ಅಮೃತಬಳ್ಳಿಯಿಂದ ಕೆಲವರ ಲಿವರ್‌ಗೆ ಏಟು ಬೀಳುತ್ತದೆ, ಯಾರಿಗೆಂದು ಮೊದಲೇ ಹೇಳಲಾಗದು, ಇನ್ನು ಒಂದು ಗುಟುಕೂ ಕೂಡದು ಎಂದರು. ನಿಲ್ಲಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದಂತೆ. ಆ 'ಸಾಮಾನ್ಯವಾಗಿ' ಎಂದರೆ ಎಷ್ಟು ಜನಕ್ಕೆ ಎಂದು ಎರಡೆರಡು ಸಲ ಕೇಳಿದೆ.

ಆಮೇಲೆ ಸಿಟ್ಟು ಬಂತು. ಅರ್ಧ ನನ್ನ ಮೇಲೆ, ಉಳಿದರ್ಧ ಆ ಡಬ್ಬಿಯ ಮೇಲೆ. ತಲೆನೋವಿನ ಮಾತ್ರೆಯ ಪೆಟ್ಟಿಗೆಯಲ್ಲೂ ಅಪಾಯಗಳನ್ನು ಬರೆದ ಕಾಗದ ಮಡಚಿಟ್ಟಿರುತ್ತಾರೆ. ಇದಕ್ಕೆ ಹಸಿರೆಲೆಯ ಚಿತ್ರ ಸಾಕೇ? ನಮ್ಮಜ್ಜಿ ಬೆರಳುದ್ದ ಕಾಂಡ ಜಜ್ಜಿ, ಮೂರು ದಿನ ಕೊಟ್ಟು, ಸಾಕು ಎನ್ನುತ್ತಿದ್ದಳು. ಸಾಕು ಎನ್ನುವವರು ಈಗ ಯಾರೂ ಇಲ್ಲ.

ಆಸ್ಪತ್ರೆಯಿಂದಲೇ ಅಂಕಲ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಸಾವಿರಾರು ವರ್ಷಗಳ ವಿದ್ಯೆ, ಯಾರಿಗೂ ಕೆಡುಕು ಮಾಡದು, ಹುಡುಗ ನೀರು ಕಡಿಮೆ ಕುಡಿದಿರಬೇಕು ಎಂದರು. ಆ ದನಿಯನ್ನು ನಾನು ಅಣಕಿಸಬಲ್ಲೆ, ಮನಸ್ಸಾಗಲಿಲ್ಲ. ನೀವೂ ಕುಡಿಯುತ್ತೀರಾ ಎಂದು ಕೇಳಿದೆ.

"ನಂಗೆ ಶುಗರ್ ಮಾತ್ರೆ ಇದೆಯಲ್ಲಪ್ಪ. ಅದ್ರ ಜೊತೆ ಕಷಾಯ ಬೇಡ ಅಂದ್ರು ಡಾಕ್ಟ್ರು, ಆವಾಗ್ಲೇ ಬಿಟ್ಟೆ."

ಹಾಸಿಗೆಯಲ್ಲಿದ್ದವನು ಫೋನಿನ ಕಡೆ ಬಾಗಿ ಮೆಲ್ಲಗೆ ಹೇಳಿದ:

"ಅದನ್ನೂ ಗ್ರೂಪಿಗೆ ಹಾಕ್ಬೇಕಿತ್ತು, ಅಂಕಲ್."