ಪಕ್ಕೀರಪ್ಪನ ಹರಗೋಲು ಕಡಲು ಕಂಡದ್ದು

ತಳವಾರಘಟ್ಟದ ಪಕ್ಕೀರಪ್ಪನಿಗೆ ಚಿಂತೆ ಮಾಡುವುದೂ ಒಂದು ಕಸುಬೇ ಆಗಿತ್ತು. ಹೊಳೆ ತುಂಬಿದರೆ ಹರಗೋಲು ಕೊಚ್ಚಿಹೋದೀತೆಂಬ ಚಿಂತೆ. ಹೊಳೆ ಇಳಿದರೆ ಜನ ನಡೆದೇ ದಾಟಿಬಿಡುತ್ತಾರಲ್ಲ ಎಂಬ ಚಿಂತೆ. ಬಿದಿರು ಹೆಣೆದು ಎಮ್ಮೆಯ ತೊಗಲು ಹೊದಿಸಿದ ಆ ದುಂಡನೆಯ ಹರಗೋಲೊಂದೇ ಅವನ ಹೊಲ, ಮನೆ, ಆಸ್ತಿ. ಹಂಪಿ ಕಡೆಯವರನ್ನು ಆನೆಗೊಂದಿಯ ದಡಕ್ಕೆ ಮುಟ್ಟಿಸಿದರೆ ಅಂದಿನ ಗಂಜಿ, ಇಲ್ಲದಿದ್ದರೆ ತಣ್ಣೀರು. ಮಕ್ಕಳಿಲ್ಲದ ಮನೆಯಲ್ಲಿ ಅವನು, ಹೆಂಡತಿ ಹೊಳೆಮ್ಮ, ಇಬ್ಬರೇ.

ಹೊಸಪೇಟೆಯಲ್ಲಿ ಮೋಟಾರುಗಳು ಬೆರಳೆಣಿಕೆಯಷ್ಟಿದ್ದ ಕಾಲ. ಅವುಗಳಲ್ಲಿ ಒಂದು ಮರದ ವ್ಯಾಪಾರಿ ಮೈಲಾರಲಿಂಗಪ್ಪನದು. ಆತನ ಕೆಮ್ಮಿಗೆ ಬಳ್ಳಾರಿಯ ಡಾಕ್ಟರರು ಕಡಲ ಗಾಳಿ ಹೇಳಿದ್ದರು. ಕುಂದಾಪುರದ ಆಚೆ, ಹೊಳೆ ಕಡಲು ಸೇರುವಲ್ಲಿ ಗದ್ದಲವಿಲ್ಲದ ಒಂದು ಊರಿದೆಯಂತೆ, ಅಲ್ಲಿಗೆ ಹೋಗುವುದೆಂದಾಯಿತು. ಹೋಗುವವನು ಸುಮ್ಮನೆ ಹೋಗಬಾರದೇ? ಮೋಟಾರಿನ ಹಿಂದೆ ಎರಡು ಗಾಲಿಯ ಬಂಡಿಯೊಂದನ್ನು ಕಟ್ಟಿಸಿದ. ಅವನು ಅದನ್ನು ಟ್ರೈಲರ್ ಅಂದ. ಊರವರು ಬಾಲಬಂಡಿ ಅಂದರು. ಅದರ ಮೇಲೆ ಪಕ್ಕೀರಪ್ಪನ ಹರಗೋಲು ಬರಬೇಕು, ಜೊತೆಗೆ ಪಕ್ಕೀರಪ್ಪನೂ, ಅಡುಗೆಗೆ ಹೊಳೆಮ್ಮನೂ.

"ಅಲ್ಲಿ ದೋಣಿ ಇರಂಗಿಲ್ಲೇನ್ರಿ ಸಾಹುಕಾರ್ರ?" ಪಕ್ಕೀರಪ್ಪ ಅಂಜುತ್ತ ಕೇಳಿದ.

"ಇರ್ತಾವ. ಆದ್ರ ನನಗ ದೋಣಿ ಕಂಡ್ರ ತಲಿ ತಿರುಗ್ತೈತಿ. ನಿನ್ನ ಹರಗೋಲಾಗ ಸಂಜಿಮುಂದ ಆರಾಮ ಕುಂದ್ರತೀನಿ."

ಹರಗೋಲಿಗೆ ಬಿದಿರು ಬರುವುದು ಈತನ ಅಡ್ಡೆಯಿಂದಲೇ. ಒಲ್ಲೆ ಎನ್ನಲು ಪಕ್ಕೀರಪ್ಪನಿಗೆ ಬಾಯಿ ಬರಲಿಲ್ಲ.

ಮರಿಯಮ್ಮನಹಳ್ಳಿ ದಾಟುವುದರೊಳಗೇ ಅವನ ಜೀವ ಅರ್ಧವಾಗಿತ್ತು. ಬಿಸಿಗಾಳಿ ರಪರಪ ಬಡಿಯುತ್ತಿತ್ತು. ತೊಗಲು ಒಣಗಿ ಬಿರಿದರೆ ಹೊಲಿಗೆ ಬಿಡುತ್ತದೆ. ಹೊಲಿಗೆ ಬಿಟ್ಟರೆ ಹರಗೋಲು ಬರೀ ಬುಟ್ಟಿ. ಅವನು ತಂಬಿಗೆಯಿಂದ ನೀರು ಚಿಮುಕಿಸುತ್ತ, ಹಗ್ಗದ ಗಂಟು ಮುಟ್ಟಿ ಮುಟ್ಟಿ ನೋಡುತ್ತ ಕೂತ. ಕೆರೆ ಕಂಡಲ್ಲೆಲ್ಲ ಮೋಟಾರು ನಿಲ್ಲಿಸಿರೆಂದು ಕೂಗಿದ. ಸಾಹುಕಾರ ಎರಡು ಸಲ ನಿಲ್ಲಿಸಿದ, ಮೂರನೆಯ ಸಲ ಕೇಳಿಸದವನಂತೆ ಓಡಿಸಿದ.

"ಕುಡ್ಯಾಕರ ಒಂದು ಗುಟುಕು ಉಳಸು," ಎಂದಳು ಹೊಳೆಮ್ಮ.

ಘಟ್ಟ ಇಳಿಯುವಾಗ ಬಾಲಬಂಡಿ ಮೋಟಾರನ್ನೇ ಮುಂದಕ್ಕೆ ನೂಕತೊಡಗಿತು. ತಿರುವು ತಿರುವಿಗೂ ಒಂದು ಗಾಲಿ ನೆಲ ಬಿಟ್ಟು ಏಳುತ್ತಿತ್ತು. ಬದಿಯಲ್ಲಿ ಪಾತಾಳ. ಪಕ್ಕೀರಪ್ಪ ಕಣ್ಣು ಮುಚ್ಚಿ ಹರಗೋಲಿನ ಅಂಚನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ. ಹೊಳೆಮ್ಮ ದಾರಿಯುದ್ದಕ್ಕೂ ಕಾರಿಕೊಂಡಳು. ಅವಳ ಬೆನ್ನು ಸವರಲೂ ಅವನಿಗೆ ಕೈ ಖಾಲಿ ಇರಲಿಲ್ಲ.

ಮರುದಿನ ಮಧ್ಯಾಹ್ನ ಆ ಊರು ಮುಟ್ಟಿದರು. ತೆಂಗಿನ ಮರಗಳು, ನಾಲ್ಕಾರು ಗುಡಿಸಲು, ನಾಯಿ ಕೂಡ ಬೊಗಳದಷ್ಟು ಮೌನ. ಆಚೆ ಕಡಲು ಭೋರ್ಗರೆಯುತ್ತಿತ್ತು. ಪಕ್ಕೀರಪ್ಪ ಅತ್ತ ಒಮ್ಮೆ ನೋಡಿ ಮುಖ ತಿರುಗಿಸಿದ. ಆಚೆ ದಡವೇ ಇಲ್ಲದ ನೀರನ್ನು ನಂಬುವುದು ಹೇಗೆ? ಈಚೆ ಹೊಳೆ ಮಾತ್ರ ತಮ್ಮ ಹೊಳೆಯ ಹಾಗೆಯೇ ಸಣ್ಣಗೆ, ಸಾಧುವಾಗಿ ಹರಿಯುತ್ತಿತ್ತು. ಸದ್ಯ, ಗುರುತಿನವರು ಸಿಕ್ಕಂತಾಯಿತು. ಹರಗೋಲನ್ನು ಇಳಿಸಿ, ನೀರಿನ ಅಂಚಿನ ಮರಳ ಮೇಲೆ ಬೋರಲು ಹಾಕಿ, ಒಂದು ಬದಿಯನ್ನು ಎತ್ತಿ ಹುಟ್ಟನ್ನು ಊರೆಗೋಲಾಗಿ ಕೊಟ್ಟು ನೆರಳು ಮಾಡಿದ. ತಳವಾರಘಟ್ಟದಲ್ಲಿ ದಿನವೂ ಮಾಡುವ ಕೆಲಸ. ಸುಸ್ತಾಗಿದ್ದ ಹೊಳೆಮ್ಮ ಅದರಡಿ ಹೋಗಿ ಮಲಗಿದಳು.

ಮೀನಬುಟ್ಟಿ ಹೊತ್ತು ಹೋಗುತ್ತಿದ್ದ ಮುದುಕಿಯೊಬ್ಬಳು ನಿಂತಳು. "ಇಲ್ಲ್ ಇಡ್ಬೇಡಿ ಮಾರಾಯ್ರೆ, ನೀರ್ ಬತ್ತ್."

ಪಕ್ಕೀರಪ್ಪ ಆಕಾಶ ನೋಡಿದ. "ಮಳಿ ಇಲ್ಲ, ಮಾಡ ಇಲ್ಲ. ನೀರು ಎಲ್ಲಿಂದ ಬರ್ತೈತಿ ಯವ್ವಾ?" ಎಂದು ನಕ್ಕುಬಿಟ್ಟ. ಹುಟ್ಟಿದಾಗಿನಿಂದ ಹೊಳೆ ನೋಡಿದವನು ಅವನು. ಮೇಲೆ ಎಲ್ಲೋ ಮಳೆ ಬಾರದೆ ಹೊಳೆ ಏರಿದ್ದನ್ನು ಕಂಡವನಲ್ಲ. ಮುದುಕಿ ತಲೆಯಾಡಿಸಿ ಹೋದಳು.

ಅಷ್ಟರಲ್ಲಿ ಸಾಹುಕಾರನ ಕೂಗು ಬಂತು. ಮೋಟಾರು ಮರಳಿನಲ್ಲಿ ಹೂತಿತ್ತು. ತೆಂಗಿನ ಗರಿ ಹಾಸಿ, ಹಲಗೆ ಕೊಟ್ಟು, ಮೊಣಕಾಲವರೆಗೆ ಮರಳು ತೋಡಿ ಅದನ್ನು ಎಬ್ಬಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು.

ಪಕ್ಕೀರಪ್ಪ ತಿರುಗಿ ಬಂದು ನೋಡಿದರೆ ಮರಳೇ ಇರಲಿಲ್ಲ. ಅಲ್ಲೆಲ್ಲ ನೀರು. ಕಡಲ ಭರತಕ್ಕೆ ಏರಿ ಬಂದಿದ್ದ ನೀರು ಈಗ ಮತ್ತೆ ಕಡಲ ಕಡೆಗೆ ಇಳಿಯುತ್ತಿತ್ತು, ಅದರ ಮೇಲೆ ದೂರದಲ್ಲಿ ಅವನ ಹರಗೋಲು ಮಗುಚಿ, ಬಾಯಿ ಮೇಲಾಗಿ ತೇಲುತ್ತ ಹೋಗುತ್ತಿತ್ತು.

"ಹೊಳೆಮ್ಮಾ!"

ಉತ್ತರವಿಲ್ಲ. ಅದರಡಿ ಮಲಗಿದ್ದವಳು ಈಗ ಅದರೊಳಗಿರಬಹುದೇ? ಎಚ್ಚರ ತಪ್ಪಿ ಬಿದ್ದಿರಬಹುದೇ? ಅಂಚು ಎತ್ತರ, ಒಳಗೇನೂ ಕಾಣದು. ಅವನು ಧುಮುಕಿದ. ಬಾಯಿಗೆ ಬಂದ ನೀರು ಉಪ್ಪು, ಕಣ್ಣಿಗೆ ಬಂದದ್ದು ಉರಿ. ಈ ಹೊಳೆಯ ಸೆಳೆತ ಅವನಿಗೆ ಗೊತ್ತಿರುವ ಸೆಳೆತವಲ್ಲ. ಕೈ ಸೋಲುವ ಹೊತ್ತಿಗೆ ಅಂಚು ಸಿಕ್ಕಿತು. ಎಗರಿ ಇಣುಕಿದ.

ಒಳಗೆ ಒಂದಿಷ್ಟು ನೀರು, ಅಷ್ಟೇ.

ಹಾಗಾದರೆ ಅವಳು ಹಿಂದೆ, ಆ ನೀರಿನ ಕೆಳಗೆ. ಪಕ್ಕೀರಪ್ಪ ಹಿಡಿದಿದ್ದ ಅಂಚನ್ನು ಬಿಟ್ಟ. ಸೆಳೆತಕ್ಕೆ ಎದುರಾಗಿ ಈಜಿ, ಮರಳಿದ್ದ ಜಾಗದಲ್ಲಿ ಮುಳುಗಿ ತಡಕಿದ, ಎದ್ದ, ಮತ್ತೆ ಮುಳುಗಿದ. ಕೈಗೆ ಬರೀ ಕೆಸರು ಬಂತು.

"ಏ! ಏ ಮೂಳಾ!"

ತೆಂಗಿನ ತೋಪಿನ ಅಂಚಿನಲ್ಲಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ಹೊಳೆಮ್ಮ ನಿಂತಿದ್ದಳು. ಬಾಯಾರಿ ಎಚ್ಚರವಾಗಿ ಸಿಹಿನೀರಿನ ಬಾವಿ ಹುಡುಕಿಕೊಂಡು ಹೋಗಿದ್ದಳಂತೆ. ಬಾವಿಯೂ ದೂರ, ಮೈಯಲ್ಲಿ ತ್ರಾಣವೂ ಇರಲಿಲ್ಲ. ತಡವಾಗಿತ್ತು.

"ಹರಗೋಲು ಕೈಗೆ ಸಿಕ್ಕಿತ್ತಲ್ಲೋ! ದೂರದಿಂದ ನೋಡಿದೆ ನಾನು. ಹಿಡದು ಎಳಕೊಂಡು ಬರೂದು ಬಿಟ್ಟು ತಿರುಗಿ ಬಂದಿ! ನಾಳೆ ಏನು ತಿನ್ನೂನು? ತಲಿ ನೆಟ್ಟಗೈತಾ ನಿನಗ?"

ಪಕ್ಕೀರಪ್ಪ ತೆವಳಿಕೊಂಡು ದಡಕ್ಕೆ ಬಂದು ಉಪ್ಪುನೀರು ಕಾರಿದ. ಉಸಿರು ಹಿಡಿದು ಹೇಳಿದ:

"ಅದರಾಗ ನೀ ಇರ್ಲಿಲ್ಲ."

ಹೊಳೆಮ್ಮ ಕೊಡ ಇಳಿಸಿದಳು. ಸೆರಗಿನಿಂದ ಅವನ ಮುಖ ಒರೆಸಿ ಪಕ್ಕ ಕೂತಳು. ಆಚೆ ಹರಗೋಲು ಹೊಳೆಯ ಬಾಯಿ ದಾಟಿ ಕಡಲಿಗೆ ಇಳಿಯುತ್ತಿತ್ತು. ಪಕ್ಕೀರಪ್ಪ ಆ ಕಡೆ ತಿರುಗಲಿಲ್ಲ. ಅವಳ ಮುಂಗೈ ಹಿಡಿದವನು, ಸಾಹುಕಾರ ಬಂದು ಕರೆದರೂ ಬಿಡಲಿಲ್ಲ.