ಎರಡು ಸಲ ವೈದ್ಯೆಯಾದವರು: ಡಾ. ಹರಿಣಾಕ್ಷಿ ಶೆಟ್ಟಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ವೈದ್ಯಕೀಯ ವಲಯದಲ್ಲಿ ಶಸ್ತ್ರಚಿಕಿತ್ಸೆಗೆ, ಹೆರಿಗೆಗೆ, ಮಕ್ಕಳ ಕಾಯಿಲೆಗೆ ಹೆಸರಾದವರು ಹಲವರಿದ್ದಾರೆ. ಆದರೆ ಔಷಧಿ ಬರೆಯುವ ಮೊದಲು ರೋಗಿಯ ಬೆನ್ನ ಮೇಲೆ ಅಂಗೈಯಿಟ್ಟು ಒಂದಿಷ್ಟು ಹೊತ್ತು ಸುಮ್ಮನಿರುವವರೆಂದು ಜನ ಗುರುತಿಸಿದ್ದು ಡಾ. ಹರಿಣಾಕ್ಷಿ ಶೆಟ್ಟಿಯವರೊಬ್ಬರನ್ನೇ. ಕುಂದಾಪುರದ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ವರ್ಷ ದುಡಿದು, ತಮ್ಮ ಅರವತ್ತೈದನೆಯ ವಯಸ್ಸಿನಲ್ಲಿ ನಿವೃತ್ತರಾಗಿರುವ ಅವರ ಸೇವೆಯನ್ನು ದಾಖಲಿಸಹೊರಟವರಿಗೆ ಎದುರಾಗುವ ಮೊದಲ ಪ್ರಶ್ನೆಯೇ ಅವರ ಹೆಸರಿನ ಮುಂದಿರುವ ‘ಡಿ.ಒ.’ ಎಂಬ ಎರಡಕ್ಷರಗಳದ್ದು.

ತಲ್ಲೂರಿನಲ್ಲಿ ಹುಟ್ಟಿದ ಹರಿಣಾಕ್ಷಿಯವರು ಎಂಬಿಬಿಎಸ್ ಮುಗಿಸಿದ ಬಳಿಕ ಪತಿ ಭೋಜರಾಜ ಶೆಟ್ಟರೊಡನೆ ಅಮೆರಿಕಕ್ಕೆ ತೆರಳಿದರು. ಶೆಟ್ಟರಿಗೆ ಅಲ್ಲಿ ಹೋಟೆಲ್ ಉದ್ಯೋಗವಿತ್ತು. ಇವರಿಗೆ ಮಾತ್ರ ಎರಡು ವರ್ಷ ಅರ್ಜಿ ಹಾಕಿದರೂ ಯಾವ ಆಸ್ಪತ್ರೆಯೂ ತರಬೇತಿಗೆ ಕರೆಯಲಿಲ್ಲ. ಕೊನೆಗೆ ಬಾಗಿಲು ತೆರೆದದ್ದು ಒಂದು ಆಸ್ಟಿಯೋಪಥಿ ವೈದ್ಯಕೀಯ ಕಾಲೇಜು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಆಗಲೇ ಡಾಕ್ಟರಾಗಿದ್ದವರು, ಹೊಸ ಹುಡುಗರ ನಡುವೆ ಕುಳಿತು ಶರೀರರಚನೆಯ ಮೊದಲ ಪುಟದಿಂದ ಮತ್ತೆ ಓದತೊಡಗಿದರು. ಅದನ್ನು ಅವರು ಆಗ ಅವಮಾನವೆಂದೇ ಬಗೆದಿದ್ದರು. ಊರಿಗೆ ಬರೆದ ಕಾಗದಗಳಲ್ಲಿ ಕಾಲೇಜಿನ ಹೆಸರನ್ನೇ ಎತ್ತುತ್ತಿರಲಿಲ್ಲ.

ಎರಡೂ ಬಗೆಯ ವಿದ್ಯೆಯನ್ನು ಸ್ವತಃ ಕಲಿತದ್ದರಿಂದಲೇ ಅವುಗಳ ನಡುವಣ ವ್ಯತ್ಯಾಸವನ್ನು ಅವರು ಎಂದೂ ಉತ್ಪ್ರೇಕ್ಷಿಸಲಿಲ್ಲ. ಅಮೆರಿಕದ ಡಿ.ಒ., ಅಂದರೆ ‘ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್’, ಪೂರ್ಣ ಪ್ರಮಾಣದ ವೈದ್ಯ; ನಮ್ಮ ಎಂಬಿಬಿಎಸ್‌ಗೆ ಸಮನಾದ ಅಲ್ಲಿನ ಎಂ.ಡಿ.ಯವರು ಓದುವ ಪುಸ್ತಕಗಳನ್ನೇ ಓದಿ, ಅವರು ಬರೆಯುವ ಔಷಧಿಯನ್ನೇ ಬರೆದು, ತರಬೇತಿ ಪಡೆದಿದ್ದರೆ ಶಸ್ತ್ರಚಿಕಿತ್ಸೆಯನ್ನೂ ಮಾಡುವಾತ. ಅದರ ಮೇಲೆ ಇನ್ನೂರು ಗಂಟೆಗಳಷ್ಟು ಕಾಲ, ಎಲುಬು, ಕೀಲು, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಸಡಿಲಿಸುವ ಅಭ್ಯಾಸವೂ ಅವನಿಗಿರುತ್ತದೆ. ಇಂಗ್ಲೆಂಡಿನಲ್ಲಿ ಇದೇ ಹೆಸರಿನಿಂದ ಕರೆಸಿಕೊಳ್ಳುವವರು ಕೈಚಿಕಿತ್ಸೆಯನ್ನಷ್ಟೇ ಮಾಡುವವರು, ವೈದ್ಯರಲ್ಲ. ಇವೆರಡನ್ನು ಬೆರೆಸಬಾರದೆಂದು ಅವರು ಕಿರಿಯರಿಗೆ ಹೇಳುತ್ತಲೇ ಇದ್ದರು. ತಾವು ಕಲಿತದ್ದೆಲ್ಲವನ್ನೂ ಅವರು ಒಪ್ಪಿದವರೂ ಅಲ್ಲ. ತಲೆಬುರುಡೆಯನ್ನು ಹಗುರಾಗಿ ಹಿಡಿದು ಮಾಡುವ ಚಿಕಿತ್ಸೆಯನ್ನು, ಅದರಿಂದ ಗುಣವಾದೀತೆಂಬ ನಂಬಿಕೆ ತಮಗೆ ಬಾರದ್ದರಿಂದ, ಅಲ್ಲಿಯೇ ಕೈಬಿಟ್ಟು ಬಂದರು.

ಕುಟುಂಬದ ಹೋಟೆಲನ್ನು ನೋಡಿಕೊಳ್ಳಲು ಶೆಟ್ಟರು ಊರಿಗೆ ಮರಳಿದಾಗ, ಎರಡು ಸಾವಿರದ ಇಸವಿಯಲ್ಲಿ ಹರಿಣಾಕ್ಷಿಯವರು ಆಸ್ಪತ್ರೆಗೆ ಸೇರಿದರು. ಬಾಗಿಲ ಫಲಕದಲ್ಲಿ ‘ಎಂಬಿಬಿಎಸ್, ಡಿ.ಒ.’ ಎಂದು ಬರೆಸಲಾಯಿತು. ನಮ್ಮಲ್ಲಿ ಆ ಎರಡಕ್ಷರ ಕಣ್ಣಿನ ಡಾಕ್ಟರರ ಡಿಪ್ಲೊಮಾದ್ದೆಂಬುದು ಅವರಿಗೆ ನೆನಪಾಗುವಷ್ಟರಲ್ಲಿ ಕುಂಭಾಶಿಯ ಹಿರಿಯರೊಬ್ಬರು ಎದುರು ಕುಳಿತು ಕನ್ನಡಕ ತೆಗೆದಾಗಿತ್ತು.

“ಬಲ್ಗಣ್ಣ್ ಮಬ್ಬ್ ಕಾಂತ್ ಅಮ್ಮ. ಪೊರೆ ಬಂದದ್ದಾ ಕಾಣಿ.”

ತಾವು ಕಣ್ಣಿನವರಲ್ಲವೆಂದು ತಿಳಿಸಿದರೂ ಹರಿಣಾಕ್ಷಿಯವರು ಅವರನ್ನು ಹಾಗೇ ಎಬ್ಬಿಸಲಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ಏರಿದ್ದ ಸಕ್ಕರೆಗೆ ಔಷಧಿ ಬರೆದು, ಅನಂತರ ಕಣ್ಣಿನ ವೈದ್ಯರಲ್ಲಿಗೆ ಚೀಟಿ ಕೊಟ್ಟರು. ಮೊದಲ ತಿಂಗಳು ಅಂಥವರು ಇಪ್ಪತ್ತಕ್ಕೂ ಹೆಚ್ಚು ಮಂದಿ ಬಂದರು.

ಆಸ್ಪತ್ರೆಯ ಮುಖ್ಯ ವೈದ್ಯರಾಗಿದ್ದ ಸಾಲಿಗ್ರಾಮದ ಡಾ. ಶಾಮರಾಯ ಅಡಿಗರಿಗೆ ಈ ಗೊಂದಲಕ್ಕಿಂತ ದೊಡ್ಡ ಆತಂಕವೊಂದಿತ್ತು. ಊರಿನ ಎಲುಬು ಕೂರಿಸುವವರಲ್ಲಿ ಎಳೆಸಿಕೊಂಡು, ತಿರುಚಿಸಿಕೊಂಡು, ಕೈಕಾಲು ಸೊಟ್ಟಗಾದ ಮೇಲೆ ಆಸ್ಪತ್ರೆಗೆ ಬಂದವರನ್ನು ಅವರು ಬದುಕಿಡೀ ಕಂಡವರು. ತಮ್ಮ ಆಸ್ಪತ್ರೆಯಲ್ಲಿ ಅಂಥದ್ದೇ ಇನ್ನೊಂದು ಕೋಣೆ ತೆರೆಯುತ್ತಿದೆಯೆಂದು ಅವರಿಗೆ ಅನಿಸಿದ್ದರೆ ತಪ್ಪೇನಿಲ್ಲ. “ಮದ್ದ್ ಬರೀರಿ, ಬೇಡ ಅಂಬ್ದಿಲ್ಲೆ. ಕೈಯಗ್ ಮಾಡೂದನ್ನ ಮಾತ್ರ ಕೇಸ್‌ಶೀಟಂಗೆ ಬರೂಕಾಗ” ಎಂದು ಅವರು ಷರತ್ತು ಹಾಕಿದರು. ಮೂರು ವರ್ಷ ಹರಿಣಾಕ್ಷಿಯವರು ಅದನ್ನು ಎದುರಾಡದೆ ಪಾಲಿಸಿದರು; ಕೈಚಿಕಿತ್ಸೆ ಮಾಡಿದರೂ ಅದನ್ನು ಎಲ್ಲಿಯೂ ಬರೆಯಲಿಲ್ಲ. ಮನೆಗೆ ಬಂದು ಪತಿಯೆದುರು ಮಾತ್ರ, ಅರ್ಧ ವಿದ್ಯೆಯನ್ನು ಗೇಟಿನ ಹೊರಗಿಟ್ಟು ಒಳಗೆ ಹೋದಂತಾಗುತ್ತದೆ ಎನ್ನುತ್ತಿದ್ದರು.

ನಾಲ್ಕನೆಯ ವರ್ಷ ಬೈಂದೂರಿನ ಉಮಾವತಿ ಬಂದರು. ಗೇರುಬೀಜದ ಕಾರ್ಖಾನೆಯಲ್ಲಿ ಕೂತು ಸಿಪ್ಪೆ ತೆಗೆಯುವ ಕೆಲಸ. ಮೂರು ತಿಂಗಳಿಂದ ಬೆನ್ನುನೋವು. ಜೊತೆಯ ಕೆಲಸದವಳೊಬ್ಬಳ ಸೊಂಟನೋವು ಹರಿಣಾಕ್ಷಿಯವರ ಕೈಯಿಂದ ವಾಸಿಯಾಗಿತ್ತು, ತನಗೂ ಹಾಗೇ ಒತ್ತಿಬಿಟ್ಟರಾಯಿತೆಂದು ಆಕೆ ಬಂದದ್ದು. ಹರಿಣಾಕ್ಷಿಯವರು ಬೆನ್ನ ಮೇಲೆ ಕೈಯಿಟ್ಟರು. ಬರಿಯ ಉಳುಕಾಗಿದ್ದರೆ ಬಿಗಿದ ಸ್ನಾಯು ಸ್ವಲ್ಪ ಹೊತ್ತಿಗೆ ಅಂಗೈಯ ಕೆಳಗೆ ಸಡಿಲಬೇಕು; ಇದು ಸಡಿಲಲಿಲ್ಲ. ಎಲುಬುಗಳನ್ನು ಒಂದೊಂದಾಗಿ ಬೆರಳಿನಿಂದ ತಟ್ಟುತ್ತ ಬಂದಾಗ ಒಂದೆಡೆ ಆಕೆ ಉಸಿರು ಬಿಗಿಹಿಡಿದರು. ಸಂಜೆ ಹೊತ್ತು ಸಣ್ಣಗೆ ಜ್ವರ ಬರುತ್ತದೆಂದೂ ರವಿಕೆಗಳೆಲ್ಲ ಸಡಿಲವಾಗಿವೆಯೆಂದೂ ಕೇಳಿದ ಮೇಲೆ ತಿಳಿಯಿತು. ಹರಿಣಾಕ್ಷಿಯವರು ಕೈ ಹಿಂದೆಗೆದರು.

“ಇದಕ್ಕೆ ಒತ್ತುಕಾಗ ಉಮಾವತಿ.”

“ಅವ್ಳಿಗೆ ಮಾಡಿದ್ರಿ ಅಂಬ್ರ್. ನಂಗ್ ಎಂತಕ್ ಆತಿಲ್ಲೆ?”

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಅಡಿಗರು ಅದನ್ನು ಬೆಳಕಿಗೆ ಹಿಡಿದು, ಇದು ಸ್ನಾಯುವಿನ ನೋವೆಂದರು. ಎಂದೂ ಇಲ್ಲದೆ ತುಸು ನಗುತ್ತ, “ನಿಮ್ಮ ಕೈಕೆಲ್ಸಕ್ಕೆ ಸಮಾ ಹೊಂದೂ ಕೇಸ್ ಇದ್. ಮಾಡಿ, ನಾ ಬೇಡ ಅಂಬ್ದಿಲ್ಲೆ” ಎಂದೂ ಸೇರಿಸಿದರು.

“ಬೇಡ ಅಂದದ್ದೇ ಕೈ, ಸರ್. ಎಂಆರ್‌ಐ ಮಾಡ್ಸ್ಕ್.”

ಮೂರು ವರ್ಷ ಕಾದ ಒಪ್ಪಿಗೆ ಅಡಿಗರ ಬಾಯಿಂದಲೇ ಬಂದ ದಿನ ಅದನ್ನು ಬೇಡವೆನ್ನುವುದು ಹರಿಣಾಕ್ಷಿಯವರಿಗೆ ಸುಲಭವಾಗಿರಲಿಲ್ಲ. ತಮ್ಮ ಊಹೆ ತಪ್ಪಾದರೆ ಇನ್ನೆಂದೂ ಅಡಿಗರ ಎದುರು ತಮ್ಮ ಮಾತು ನಡೆಯದೆಂಬುದೂ ಅವರಿಗೆ ಗೊತ್ತಿತ್ತು. ಇತ್ತ ಉಮಾವತಿ ಮುನಿಸಿಕೊಂಡು ಹೊರಟರು. ಊರಲ್ಲಿ ಬೆನ್ನು ತುಳಿಯುವವನೊಬ್ಬನಿದ್ದಾನೆ, ಅವನಲ್ಲಿಗೇ ಹೋಗುತ್ತೇನೆಂದು ನರ್ಸಮ್ಮನಿಗೆ ಹೇಳಿ ಬಸ್ಸು ಹತ್ತಿದರು.

ಮರುದಿನ ಮಧ್ಯಾಹ್ನ ಹೊರರೋಗಿಗಳ ಸಾಲು ಮುಗಿದ ಮೇಲೆ ಹರಿಣಾಕ್ಷಿಯವರು ಊಟಕ್ಕೂ ನಿಲ್ಲದೆ, ತ್ರಾಸಿ ದಾಟಿ ಬೈಂದೂರಿಗೆ ತಾವೇ ಕಾರು ಓಡಿಸಿಕೊಂಡು ಹೋದರು. ಉಮಾವತಿ ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದರು. ತುಳಿಯುವವನು ಸಂಜೆಗೆ ಬರುವವನಿದ್ದ. ಡಾಕ್ಟರು ಪಕ್ಕದಲ್ಲೇ ಕೂತದ್ದು ಕಂಡು ಆಕೆ ಏಳಲು ಹೋದರು, ಆಗಲಿಲ್ಲ.

“ಒಂದ್ಸಲ ನನ್ನೊಟ್ಟಿಗ್ ಮಂಗ್ಳೂರಿಗ್ ಬನ್ನಿ. ಅಲ್ಲಿ ಎಂತದೂ ಇಲ್ಲೆ ಅಂದ್ರೆ ನಾನೇ ಒತ್ತಿ ಕೊಡ್ತೆ.”

ಉಮಾವತಿ ಮೊಣಕಾಲ ಕೆಳಗೆ ಕೈಯಾಡಿಸಿಕೊಂಡರು. ಆಮೇಲೆ ನಿನ್ನೆ ಹೇಳದಿದ್ದುದನ್ನು ಹೇಳಿದರು. “ಬೆಳಗಾಪ್ ಹೊತ್ತಿಗೆ ಕಾಲ್ ಜುಂ ಅಂತ್ ಅಮ್ಮ. ಕಾಲ್ ಹೋತ್ತಾ?”

“ಹೋಪುಕಾಗ. ಅದ್ಕೇ ಬಂದದ್ದ್ ನಾನ್.”

ಅಂದೇ ಹೊರಟರು. ಮಂಗಳೂರಿನ ಎಂಆರ್‌ಐಯಲ್ಲಿ ಕಾರಣ ಕಂಡಿತು: ಬೆನ್ನುಮೂಳೆಯ ಎರಡು ಎಲುಬುಗಳಿಗೆ ಕ್ಷಯ ಹತ್ತಿತ್ತು. ಒಳಗೆ ಕೀವು ತುಂಬಿ ನರದ ಹುರಿಯನ್ನು ತಾಗುತ್ತಿತ್ತು. ಅಂಥ ಬೆನ್ನನ್ನು ಒಬ್ಬ ಗಂಡಾಳು ತುಳಿದಿದ್ದರೆ ಏನಾಗುತ್ತಿತ್ತೆಂದು ಯಾರೂ ಉಮಾವತಿಗೆ ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಒಂದೂವರೆ ವರ್ಷದ ಔಷಧಿ, ಬೆನ್ನಿಗೆ ಪಟ್ಟಿ, ಮೊದಲ ಕೆಲವು ತಿಂಗಳು ಹಾಸಿಗೆ. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ; ಆಕೆ ನಡೆದರು, ಮತ್ತೆ ಕೆಲಸಕ್ಕೂ ಹೋದರು.

ಮಂಗಳೂರಿನಿಂದ ಎಂಆರ್‌ಐ ಫಿಲ್ಮ್ ಬಂದ ದಿನ ಅದನ್ನು ಬಹಳ ಹೊತ್ತು ನೋಡಿದ ಅಡಿಗರು ಬಾಗಿಲು ಎಳೆದುಕೊಂಡು, ತಮ್ಮ ಕುರ್ಚಿಯನ್ನು ತಿರುಗಿಸಿ ಬೆನ್ನು ಕೊಟ್ಟು ಕುಳಿತರು. “ಹ್ಯಾಂಗೆ ಕಂಡದ್ದ್, ತೋರ್ಸಿ.” ಹರಿಣಾಕ್ಷಿಯವರು ಅವರ ಅಂಗಿಯ ಮೇಲೆ ಕೈಯಿಟ್ಟು, ಬೆರಳಿನಿಂದ ತಟ್ಟುತ್ತ ಇಳಿದರು. ಅಡಿಗರು ಆ ಕಡೆ ನೋಡುತ್ತಲೇ ಹೇಳಿದರು: “ಇಷ್ಟ್ ಕಾಲೇಜಂಗೆ ನಮ್ಗೂ ಹೇಳಿಕೊಟ್ಟಿರ್. ಎಕ್ಸ್‌ರೇ ಇತ್ತಲೆ ಅಂದೇಳಿ ಮಾಡೂದ್ ಬಿಟ್ಟದ್ದ್ ನಾವ್.”

ಎಂ.ಡಿ. ಮತ್ತು ಡಿ.ಒ.ಗಳ ನಡುವಿನ ವ್ಯತ್ಯಾಸದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ಮಾತನ್ನು ತಾವು ಕೇಳಿಲ್ಲವೆಂದು ಹರಿಣಾಕ್ಷಿಯವರು ಇಂದಿಗೂ ಹೇಳುತ್ತಾರೆ. ಆ ವಾರದಿಂದ ಅವರ ಕೈಪರೀಕ್ಷೆಯ ವಿವರಗಳು ಕೇಸ್‌ಶೀಟಿನಲ್ಲಿ ದಾಖಲಾಗತೊಡಗಿದವು. ಅಡಿಗರು ನಿವೃತ್ತರಾಗುವವರೆಗೂ, ಮತ್ತೆ ಮತ್ತೆ ಬರುವ ಬೆನ್ನುನೋವಿನವರನ್ನು ಚೀಟಿ ಕೊಟ್ಟು ಅವರ ಕೋಣೆಗೆ ಕಳುಹಿಸುತ್ತಿದ್ದರು.

ಈಚೆಗೆ ಹರಿಣಾಕ್ಷಿಯವರ ಎರಡೂ ಹೆಬ್ಬೆರಳುಗಳ ಬುಡದಲ್ಲಿ ಸಂಧಿವಾತ ಕಾಣಿಸಿಕೊಂಡಿದೆ. ಆಸ್ಪತ್ರೆ ಇನ್ನೆರಡು ವರ್ಷ ಮುಂದುವರಿಯಿರೆಂದು ಕೇಳಿಕೊಂಡರೂ ಅವರು ಒಪ್ಪದಿರಲು ಅದೇ ಕಾರಣ. ನಿವೃತ್ತಿಯ ಮರುತಿಂಗಳೇ ಬ್ರಹ್ಮಾವರದಲ್ಲಿ, ಸುತ್ತಲಿನ ಹನ್ನೆರಡು ಮಂದಿ ಕಿರಿಯ ವೈದ್ಯರಿಗಾಗಿ ಶನಿವಾರದ ತರಗತಿಯೊಂದನ್ನು ಆರಂಭಿಸಿದ್ದಾರೆ. ಮೊದಲ ದಿನ ಉಪನ್ಯಾಸವಿರಲಿಲ್ಲ. ಇಬ್ಬಿಬ್ಬರಂತೆ ಕೂರಿಸಿ, ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಕೈಯಿಟ್ಟು ಐದು ನಿಮಿಷ ಮಾತಿಲ್ಲದೆ ಇರಬೇಕೆಂದರು. ಸಮಯ ಮುಗಿದಾಗ ಡಾ. ಪ್ರಖ್ಯಾತ್ ಎಂಬವರು ಸಂಕೋಚದಿಂದ, “ನಂಗ್ ಎಂತದೂ ಗೊತ್ತಾಯ್ಲಿಲ್ಲೆ, ಮೇಡಂ” ಎಂದರು.

“ನಂಗೂ ಮೊದಲ್ನೇ ತಿಂಗ್ಳ್ ಎಂತದೂ ಗೊತ್ತಾಯ್ಲಿಲ್ಲೆ. ಇನ್ನೊಂದ್ಸಲ ಕೈ ಇಡಿ” ಎಂದರು ಹರಿಣಾಕ್ಷಿಯವರು.

ಅವರಿಗೆ ಆಯುರಾರೋಗ್ಯಗಳು ಒದಗಲಿ. ಆ ಹನ್ನೆರಡು ಜೊತೆ ಕೈಗಳಿಗೆ ಬೆನ್ನಿನ ಮಾತು ತಿಳಿಯತೊಡಗುವ ದಿನ, ತರಗತಿಯಲ್ಲಿ ಎದುರು ನಿಂತು ಅದನ್ನು ನೋಡುವ ಸಂತೋಷವೂ ಅವರದಾಗಲಿ.