ದೊರೆಸಾನಿಗೆ ಎತ್ತಿದ ಆರತಿ

ಮದುವೆ ಮನೆಯಲ್ಲಿ ಆರತಿ ಎತ್ತುವಾಗ ಎಲ್ಲರೂ ಮದುಮಗಳ ಮುಖ ನೋಡುತ್ತಾರೆ. ನಾನು ಸೆರಗು ನೋಡುತ್ತೇನೆ. ಪಿನ್ನು ಹಾಕಿದ್ದಾರೆಯೇ, ಬಟ್ಟೆ ರೇಷ್ಮೆಯೇ ನೈಲಾನೇ, ಕರ್ಪೂರ ಎಷ್ಟು ದಪ್ಪ ಇಟ್ಟಿದ್ದಾರೆ. ಒಮ್ಮೆ ಪರಿಚಯವೇ ಇಲ್ಲದ ಮದುಮಗಳ ಸೆರಗನ್ನು ಹಿಂದಿನಿಂದ ಹಿಡಿದು ನಿಂತುಬಿಟ್ಟಿದ್ದೆ. ಅವಳ ಅತ್ತೆ ತಿರುಗಿ ನೋಡಿ, "ಯಾರ್ರೀ ನೀವು? ಯಾರ ಕಡೆಯೋರು?" ಎಂದು ಕೇಳಿದರು. ತಿಲಕ್ ನಗರದ ವಠಾರದ ಕಡೆಯವಳು ಎಂದು ಹೇಳಬೇಕಿತ್ತು. ಸೆರಗು ಬಿಟ್ಟು ಪಕ್ಕಕ್ಕೆ ಜರುಗಿದೆ.

ಆ ವಠಾರಕ್ಕೆ ನಾನು ಹೋದಾಗ ಎಂಬತ್ತರ ದಶಕ ಶುರುವಾಗಿತ್ತು. ಬಿ.ಎ. ಮುಗಿಸಿದ್ದ ನಾನು ಜಯನಗರದಲ್ಲಿ ಒಂದು ದತ್ತಿ ಸಂಸ್ಥೆಯ ಪುಟ್ಟ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಹೊರದೇಶದಲ್ಲಿರುವ ಒಬ್ಬೊಬ್ಬರು ನಮ್ಮ ಕಡೆಯ ಒಂದೊಂದು ಬಡ ಮಗುವಿನ ಫೀಸು, ಪುಸ್ತಕ, ಯೂನಿಫಾರ್ಮಿನ ಖರ್ಚು ನೋಡಿಕೊಳ್ಳುವ ವ್ಯವಸ್ಥೆ ಅದು. ಮಕ್ಕಳು ಬರೆದ ಕಾಗದಗಳನ್ನು ನಾನು ಇಂಗ್ಲಿಷಿಗೆ ಮಾಡುತ್ತಿದ್ದೆ, ಅಲ್ಲಿಂದ ಬಂದವನ್ನು ಕನ್ನಡಕ್ಕೆ. ಬಹಳ ಖುಷಿಯ ಕೆಲಸ. ಇಲ್ಲಿನ ಮಗು "ನಿಮ್ಮ ಮನೆ ಎಮ್ಮೆ ಕರು ಹಾಕಿತೇ?" ಎಂದು ವಿಚಾರಿಸುತ್ತಿತ್ತು. ಅಲ್ಲಿನವರು ತಮ್ಮ ನಾಯಿಯ ಹಲ್ಲುನೋವಿನ ಬಗ್ಗೆ, ಅದಕ್ಕೆ ಹಲ್ಲಿನ ಡಾಕ್ಟರು ಮಾಡಿದ ಆಪರೇಷನ್ನಿನ ಬಗ್ಗೆ ಎರಡು ಪುಟ ಬರೆಯುತ್ತಿದ್ದರು. ಎರಡು ಕಡೆಯ ಬೆರಗನ್ನೂ ನಾನೊಬ್ಬಳೇ ಕೂತು ಅನುಭವಿಸುತ್ತಿದ್ದೆ.

ಒಂದು ನಿಯಮವಿತ್ತು. ಸಹಾಯ ಏಳನೇ ಕ್ಲಾಸಿನವರೆಗೆ. ಆಮೇಲೆ ಅದೇ ಮಗುವನ್ನು ಹೈಸ್ಕೂಲು ಓದಿಸಬಹುದು, ಇಲ್ಲವೇ ಹೊಸದಾಗಿ ಒಂದು ಚಿಕ್ಕ ಮಗುವನ್ನು ಆರಿಸಿಕೊಳ್ಳಬಹುದು. ಹೆಚ್ಚಿನವರು ಚಿಕ್ಕ ಮಗುವನ್ನೇ ಆರಿಸುತ್ತಿದ್ದರು. ಮುಂಗೈಯಲ್ಲಿ ಮೂಗೊರೆಸಿಕೊಳ್ಳುವ ಪುಟ್ಟ ಮಗುವಿನ ಫೋಟೋ ಮುಂದೆ ಎರಡು ಜಡೆಯ ಉದ್ದ ಹುಡುಗಿ ಸೋಲುತ್ತಿದ್ದಳು.

ಹಾಗೆ ಸೋಲಬಹುದಾದ ಹುಡುಗಿಯೊಬ್ಬಳು ತಿಲಕ್ ನಗರದ ವಠಾರದಲ್ಲಿದ್ದಳು. ಏಳನೇ ಕ್ಲಾಸು, ಲೆಕ್ಕದಲ್ಲಿ ಚುರುಕು. ಅಪ್ಪ ಸುಣ್ಣಬಣ್ಣದ ಕೆಲಸಕ್ಕೆ ಹೋಗುತ್ತಿದ್ದರು, ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಹೈಸ್ಕೂಲು ಇಲ್ಲವೆಂದಾದರೆ ಅಮ್ಮನ ಮಣೆಯ ಪಕ್ಕದಲ್ಲಿ ಇನ್ನೊಂದು ಮಣೆ, ಅಷ್ಟೆ. ಅವಳನ್ನು ಓದಿಸುತ್ತಿದ್ದವರು ದೂರದ ಚಳಿದೇಶದ ಒಬ್ಬ ಮೇಡಂ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹುಡುಗಿಯನ್ನು ಕಣ್ಣಾರೆ ನೋಡಿ ಮುಂದಿನದನ್ನು ತೀರ್ಮಾನಿಸುತ್ತೇನೆ ಎಂದು ಹೇಳಿ ಬೆಂಗಳೂರಿಗೇ ಬಂದಿಳಿದರು. ನಮ್ಮ ಮೇಲಧಿಕಾರಿ ನನ್ನನ್ನು ಕರೆದು, "ಜೊತೇಲಿ ಹೋಗಿ, ಅವರು ಹೇಳಿದ್ದನ್ನ ಹೇಳಿ. ನೀವಾಗಿ ಏನೂ ಕೇಳ್ಬೇಡಿ" ಎಂದರು.

ಆಟೋದಿಂದ ಮೇಡಂ ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಅಷ್ಟು ಎತ್ತರ. ವಠಾರದ ಹೆಂಗಸರೆಲ್ಲ ನಲ್ಲಿಯ ಹತ್ತಿರ ಕೊಡ ಬಿಟ್ಟು ಬಂದರು.

"ಅಯ್ಯೋ ನಮ್ಮಪ್ಪ, ಈ ದೊರೆಸಾನಿಗೆ ಬಾಗ್ಲು ಸಾಲಲ್ವಲ್ಲೇ!" ಅಂದರು ಪಕ್ಕದ ಮನೆಯ ಅಜ್ಜಿ.

ಸಮಸ್ಯೆ ಬಾಗಿಲಿನದಲ್ಲ, ಸೆರಗಿನದಾಯಿತು. ಮನೆಗೆ ಬಂದ ಹೆಣ್ಣುಮಗಳಿಗೆ ಮಡಿಲು ತುಂಬದೆ ಕಳಿಸುವುದುಂಟೇ? ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಎಲ್ಲ ಸಿದ್ಧವಾಗಿತ್ತು. ಆದರೆ ಅವನ್ನು ಸೆರಗಿನಲ್ಲಿ ತುಂಬಬೇಕು, ಮೇಡಂ ಸ್ಕರ್ಟಿನಲ್ಲಿ ಬಂದಿದ್ದರು.

"ಸೀರೆ ಉಡ್ಸಿಬಿಡಾಣ" ಎಂದು ಒಬ್ಬರು ಹೇಳಿದ್ದೇ ತಡ, ಚರ್ಚೆ ಶುರು. ಹುಡುಗಿಯ ಅಮ್ಮ ತಮ್ಮ ಧಾರೆ ಸೀರೆ ತೆಗೆದರು.

"ಮಾಸಿಹೋಗಿದೆ ಕಣೇ ಅದು. ಫಾರಿನ್ನೋರಿಗೆ ಫಾರಿನ್ ಸೀರೆನೇ ಸರಿ" ಎಂದು ಅಜ್ಜಿ ಒಳಗೆ ಹೋಗಿ ಟ್ರಂಕಿನಿಂದ ತಮ್ಮ ಸೊಸೆಯ ನೈಲಾನ್ ಸೀರೆ ತಂದರು. ತಿಳಿಗುಲಾಬಿ ಬಣ್ಣ, ದೊಡ್ಡ ದೊಡ್ಡ ಹೂವು. ಇಡೀ ವಠಾರದಲ್ಲಿ ಅಂಥದ್ದು ಒಂದೇ. ಯಾರ ಮನೆಯಲ್ಲಿ ಹೆಣ್ಣು ನೋಡಲು ಬಂದರೂ ಅದೇ ಸೀರೆ ಹೋಗಿ ಬರುತ್ತಿತ್ತಂತೆ.

ಸ್ಕರ್ಟು ತೆಗೆಯಲು ಮೇಡಂ ಒಪ್ಪಲಿಲ್ಲ. ಸರಿ, ಅದರ ಮೇಲೆಯೇ ಸುತ್ತಿದರು. ಪಿನ್ನು ಸಿಗಲಿಲ್ಲ.

"ನಾವೇನು ಪಿನ್ ಹಾಕ್ಕೊಂಡು ಬದುಕ್ತಿದೀವಾ?" ಅಂದರು ಅಜ್ಜಿ. "ಬಟಾಣಿ ಮೂಟೆ ಆದ್ಲು ನೋಡು!"

"ಏನು ಹೇಳುತ್ತಿದ್ದಾರೆ?" ಎಂದು ಮೇಡಂ ನನ್ನನ್ನು ಕೇಳಿದರು.

"ಚೆನ್ನಾಗಿ ಕಾಣುತ್ತೀರಂತೆ" ಎಂದೆ.

ಹೊಸಿಲಿನ ಮುಂದೆ ನಿಲ್ಲಿಸಿದರು. ತಟ್ಟೆಯಲ್ಲಿ ಅರಿಸಿನ ಸುಣ್ಣ ಕಲಸಿದ ಕೆಂಪು ನೀರು, ಅದರ ಮೇಲೆ ತೇಲುವ ವೀಳ್ಯದೆಲೆ, ಎಲೆಯ ಮೇಲೆ ಕರ್ಪೂರ. ಮರ್ಯಾದೆಗೆಂದು ತುಸು ದಪ್ಪನೆಯ ಬಿಲ್ಲೆಯನ್ನೇ ಇಟ್ಟಿದ್ದರು. ತಾಯಿ ಒಂದು ಕಡೆ, ಮಗಳು ಇನ್ನೊಂದು ಕಡೆ ತಟ್ಟೆ ಹಿಡಿದು ಎತ್ತಿದರು. ಎಷ್ಟು ಎತ್ತಿದರೂ ಮೇಡಂ ಎದೆಯವರೆಗೂ ಬರಲಿಲ್ಲ. ಅಜ್ಜಿ ಹಾಡು ತೆಗೆದರು, ನಾನು ಪಕ್ಕದಲ್ಲಿ ನಿಂತು ಒಂದೊಂದೇ ಸಾಲನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಅವರಿಬ್ಬರ ಕಷ್ಟ ನೋಡಲಾರದೆ ಮೇಡಂ ಮೊಣಕಾಲು ಮಡಿಸಿ, ಮುಖವನ್ನು ತಟ್ಟೆಯ ಮಟ್ಟಕ್ಕೆ ತಂದರು. ಅದು ಅವರ ಸೌಜನ್ಯ. ನೈಲಾನಿಗೆ ಅದೆಲ್ಲ ಏನು ಗೊತ್ತು? ಭುಜದಿಂದ ಜಾರಿ ನೇರ ಕರ್ಪೂರದ ಮೇಲೆ ಬಿತ್ತು.

ಹತ್ತಿಯ ಬಟ್ಟೆ ಉರಿದರೆ ಉರಿ ಕಾಣುತ್ತದೆ. ನೈಲಾನು ಕರಗುತ್ತಾ ಮೇಲೇರುತ್ತದೆ. ಒಂದು ಕ್ಷಣ ಸೆರಗಿತ್ತು, ಮರುಕ್ಷಣ ಸೆರಗಿದ್ದ ಕಡೆ ನೀಲಿ ಅಂಚಿನ ಬೆಂಕಿ, ಅದರಿಂದ ತೊಟ್ಟಿಕ್ಕುವ ಕಪ್ಪು ಹನಿ. ನನ್ನ ಬಾಯಿ ಮಾತ್ರ ಹಾಡಿನ ಅನುವಾದವನ್ನು ಮುಂದುವರಿಸುತ್ತಲೇ ಇತ್ತು.

ಹುಡುಗಿ ಅಮ್ಮನ ಕೈಯಿಂದ ತಟ್ಟೆ ಕಿತ್ತುಕೊಂಡು ಕೆಂಪು ನೀರನ್ನು ಮೇಡಂ ಎದೆಗೆ ಎರಚಿದಳು. ಬೆಂಕಿ ಅರ್ಧ ಆರಿತು, ಅರ್ಧ ಆರಲಿಲ್ಲ. ತಟ್ಟೆ ಬಿಸಾಕಿ ಸೊಂಟದ ಹತ್ತಿರ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಒಳಗೆ ಲಂಗದ ಲಾಡಿ ಇಲ್ಲದ್ದರಿಂದ ಸಿಕ್ಕಿಸಿದ್ದೆಲ್ಲ ಸರಾಗವಾಗಿ ಬಿಚ್ಚಿಕೊಂಡಿತು. ಅಷ್ಟೆತ್ತರದ ಹೆಂಗಸು ಬುಗುರಿಯಂತೆ ತಿರುಗಿ ಗೋಡೆಗೆ ಒರಗಿ ನಿಂತರು. ಸೀರೆ ಅಂಗಳದಲ್ಲಿ ಬಿದ್ದು ಸುರುಟಿಕೊಂಡಿತು. ಯಾರೋ ಅದರ ಮೇಲೆ ಕೊಡ ಬಗ್ಗಿಸಿದರು.

ಮೇಡಂ ಬಿಳಿ ಅಂಗಿಯ ಮೇಲೆ ಕೆಂಪು ಹರಿಯುತ್ತಿತ್ತು. ಅದು ಆರತಿಯ ನೀರೆಂದು ಕಣ್ಣಿಗೆ ಗೊತ್ತಿದ್ದರೂ ಎದೆಗೆ ತಿಳಿಯಲು ಹೊತ್ತು ಹಿಡಿಯಿತು. ಈಗಲೂ ಕೆಲವು ಸಲ ಮನಸ್ಸು ಆ ಗಳಿಗೆಯನ್ನು ಬೇರೆ ಥರ ಓಡಿಸುತ್ತದೆ. ಅದರಲ್ಲಿ ಮೇಡಂ ಸ್ಕರ್ಟು ತೆಗೆದು ಲಂಗ ತೊಟ್ಟಿರುತ್ತಾರೆ, ಲಾಡಿ ಬಿಗಿಯಾಗಿರುತ್ತದೆ, ಹುಡುಗಿ ಎಳೆಯುತ್ತಾಳೆ, ಸೀರೆ ಬರುವುದಿಲ್ಲ. ಅಲ್ಲಿಗೆ ನಾನು ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ.

ಹುಡುಗಿಯ ಅಮ್ಮ ಹೊಸಿಲ ಮೇಲೆ ಕುಸಿದು ಹಣೆ ಚಚ್ಚಿಕೊಂಡರು. "ಅಯ್ಯೋ ಮಗ್ಳೇ, ನಿನ್ ಓದೆಲ್ಲ ಸುಟ್ಟೋಯ್ತಲ್ಲೇ! ಇನ್ಯಾವ್ ಮುಖ ಇಟ್ಕೊಂಡು ಕೇಳಾಣ?"

ಮೇಡಂ ಮುಂಗೈಯಲ್ಲಿ ಒಂದು ಸಣ್ಣ ಬೊಬ್ಬೆ. ಅಜ್ಜಿ ಓಡಿಹೋಗಿ ದೋಸೆ ಹಿಟ್ಟು ತಂದು, ಕೇಳದೆ ಗೀಳದೆ ಮೆತ್ತಿಬಿಟ್ಟರು. ಮೇಡಂ ಹಿಟ್ಟನ್ನು ನೋಡಿದರು, ಅಂಗಿ ನೋಡಿಕೊಂಡರು, ಆಮೇಲೆ ನನ್ನನ್ನು ಮೆಲ್ಲಗೆ ಕೇಳಿದರು: "ಪೂಜೆ ಮುಗಿಯಿತೇ, ಇನ್ನೂ ಇದೆಯೇ?"

ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ವಠಾರವೇ ನಗೆಯಲ್ಲಿ ಒಡೆಯಿತು. ಅಮ್ಮನೂ ಅಳುತ್ತಲೇ ನಕ್ಕರು. ಹುಡುಗಿ ಮಾತ್ರ ನಗಲಿಲ್ಲ. ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಮೇಡಂ ಅವಳ ಪಕ್ಕ ನೆಲದ ಮೇಲೆ ಕೂತರು. "ಇವಳನ್ನು ನಾನು ಹೈಸ್ಕೂಲಿಗೂ ಓದಿಸುತ್ತೇನೆ" ಎಂದರು ನನಗೆ. "ಆದರೆ ಒಂದು ಮಾತು ಸರಿಯಾಗಿ ಹೇಳು. ಬೆಂಕಿ ಆರಿಸಿದ್ದಕ್ಕಲ್ಲ. ಆಟೋದಿಂದ ಇಳಿದಾಗಲೇ ತೀರ್ಮಾನಿಸಿದ್ದೆ. ಇಲ್ಲದಿದ್ದರೆ ವರ್ಷಕ್ಕೊಮ್ಮೆ ಯಾರನ್ನಾದರೂ ಬೆಂಕಿಯಿಂದ ಎಳೆಯಬೇಕೆಂದು ಈ ಮಗು ಅಂದುಕೊಳ್ಳುತ್ತದೆ."

ನಿಜವಾಗಿಯೂ ಆಗಲೇ ತೀರ್ಮಾನಿಸಿದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ಸರಿಯಾಗಿ ಹೇಳಿದೆ.

"ಇದನ್ನ ಮೊದ್ಲೇ ಬೊಗಳಿದ್ರೆ ನನ್ ಸೊಸೆ ಸೀರೆನಾದ್ರೂ ಉಳೀತಿತ್ತು" ಅಂದರು ಅಜ್ಜಿ.

ಮಡಿಲು ತುಂಬುವುದನ್ನು ಬಿಡಲಿಲ್ಲ. ಮೇಡಂ ಸ್ಕರ್ಟಿನ ಮುಂಭಾಗವನ್ನೇ ಎರಡು ಕೈಯಲ್ಲಿ ಹಿಡಿದು ಒಡ್ಡಿದರು, ಅಮ್ಮ ಅದರಲ್ಲಿ ಅಕ್ಕಿ, ಕಾಯಿ, ಕಣ ಹಾಕಿದರು. ಕರ್ಪೂರದ ಡಬ್ಬಿಯನ್ನು ಯಾರೋ ಆಗಲೇ ಅಟ್ಟಕ್ಕೆ ಸೇರಿಸಿದ್ದರು.

ಆಟೋ ಹತ್ತುವಾಗ ಹುಡುಗಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು.

"ಅಕ್ಕ, ಹೈಸ್ಕೂಲಲ್ಲಿ ಲಂಗ ದಾವಣಿ ಹಾಕ್ಕೋಬೇಕಂತೆ, ಹೌದಾ?"

"ಕೆಲವು ಸ್ಕೂಲಲ್ಲಿ ಹೌದು ಕಣಮ್ಮ."

"ನಂಗೆ ದಾವಣಿ ಇಲ್ದಿರೋ ಸ್ಕೂಲ್ ನೋಡಿ ಅಕ್ಕ" ಎಂದಳು. "ದೂರ ಆದ್ರೂ ಪರ್ವಾಗಿಲ್ಲ, ನಡ್ಕೊಂಡ್ ಹೋಗ್ತೀನಿ."